ಇ-ಡಿಸ್ಕವರಿ ತರಬೇತಿ: ಯಾವ ವಕೀಲರಿಗೆ ಯಾವ ದಾರಿ

ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ದಾವೆಗಳಲ್ಲಿ ಇಮೇಲ್, ಚಾಟ್, ಸ್ಪ್ರೆಡ್‌ಶೀಟುಗಳನ್ನು ಎದುರು ಪಕ್ಷಕ್ಕೆ ಒಪ್ಪಿಸುವ ಕೆಲಸಕ್ಕೆ, ಅಂದರೆ ಇ-ಡಿಸ್ಕವರಿಗೆ, 2006ರಲ್ಲಿ ನಿಯಮಗಳು ಬಂದವು. 2015ರಲ್ಲಿ ಅವನ್ನು ಮತ್ತೆ ತಿದ್ದಲಾಯಿತು. ಆದರೂ ಹೊಸದಾಗಿ ವೃತ್ತಿಗೆ ಬರುವ ಎಷ್ಟೋ ವಕೀಲರು ಒಂದು ಪಿಎಸ್‌ಟಿ ಫೈಲನ್ನೂ (ಔಟ್‌ಲುಕ್ ಇಮೇಲುಗಳ ಕಟ್ಟು) ತೆರೆದು ನೋಡಿರುವುದಿಲ್ಲ. ಕಲಿಸಬೇಕು ಎನ್ನುವುದರಲ್ಲಿ ಈಗ ಯಾರದೂ ತಕರಾರಿಲ್ಲ. ದುಡ್ಡೂ ಹೊತ್ತೂ ಪೋಲಾಗುವುದು ಹೇಗೆ ಕಲಿಸಬೇಕು ಎಂಬಲ್ಲಿ.

ಯಾವ ಕೋರ್ಸ್ ಒಳ್ಳೆಯದು ಎಂದು ವಿಚಾರಿಸುವ ಮೊದಲು, ಕಲಿಯಲು ಹೊರಟವರು ದಾವೆಯಲ್ಲಿ ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ ಎಂದು ನೋಡಿ. ಫೆಡರಲ್ ಸಿವಿಲ್ ನಿಯಮ 26(ಜಿ) ಪ್ರಕಾರ, ಡಿಸ್ಕವರಿ ಉತ್ತರಕ್ಕೆ (ಎದುರು ಪಕ್ಷ ಕೇಳಿದ ದಾಖಲೆಗಳ ಬಗ್ಗೆ ಕೊಡುವ ಉತ್ತರ) ಸಹಿ ಹಾಕಿದ ವಕೀಲರು ತಕ್ಕಮಟ್ಟಿನ ವಿಚಾರಣೆ ಮಾಡಿಯೇ ಸಹಿ ಹಾಕಿದ್ದೇವೆಂದು ಪ್ರಮಾಣೀಕರಿಸಿದಂತೆ. ಸಕಾರಣವಿಲ್ಲದೆ ಈ ನಿಯಮ ಮುರಿದರೆ ನ್ಯಾಯಾಲಯ ಶಿಕ್ಷೆ ವಿಧಿಸಲೇಬೇಕು. "ವೆಂಡರ್ ಹಾಗೆ ಕಳಿಸಿಬಿಟ್ಟರು" ಎಂದು, ಡೇಟಾ ಕೆಲಸ ಮಾಡಿಕೊಡುವ ಹೊರಗಿನ ಸಂಸ್ಥೆಯ ಮೇಲೆ ಹೊರಿಸುವ ಸಮಜಾಯಿಷಿಯನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಅಳತೆಗೋಲು ಬೇಕೆಂದರೆ ಕ್ಯಾಲಿಫೋರ್ನಿಯಾ ಬಾರ್‌ನ 2015-193 ಸಂಖ್ಯೆಯ ವೃತ್ತಿನೀತಿ ಅಭಿಪ್ರಾಯ ತೆಗೆದು ಓದಿ. ವಕೀಲರಿಗೆ ಬರಬೇಕಾದ ಒಂಬತ್ತು ಕೆಲಸಗಳನ್ನು ಅದು ಪಟ್ಟಿ ಮಾಡುತ್ತದೆ: ಇ-ಡಿಸ್ಕವರಿಯ ಅಗತ್ಯವನ್ನು ಮೊದಲೇ ಅಂದಾಜಿಸುವುದು, ಡೇಟಾ ಅಳಿಯದಂತೆ ಉಳಿಸುವುದು, ಕಕ್ಷಿದಾರರ ಕಂಪ್ಯೂಟರ್ ವ್ಯವಸ್ಥೆ ತಿಳಿಯುವುದು, ಸಂಗ್ರಹದ ಬಗ್ಗೆ ಸಲಹೆ ಕೊಡುವುದು, ಡೇಟಾ ಯಾರ ಕೈಲಿದೆ ಎಂದು ಗುರುತಿಸುವುದು, ಎದುರು ವಕೀಲರೊಂದಿಗೆ ಅರ್ಥಪೂರ್ಣವಾಗಿ ಮಾತುಕತೆ ನಡೆಸುವುದು, ಹುಡುಕುವುದು, ಮೂಲ ಕೆಡದಂತೆ ಸಂಗ್ರಹಿಸುವುದು, ಒಪ್ಪುವ ರೂಪದಲ್ಲಿ ಕೊಡುವುದು. ಇವು ಬಾರದಿದ್ದರೆ ಕಲಿಯಬೇಕು, ಬಲ್ಲವರನ್ನು ಜೊತೆಗೆ ಹಾಕಿಕೊಳ್ಳಬೇಕು, ಅದೂ ಆಗದಿದ್ದರೆ ದಾವೆಯನ್ನೇ ಬಿಡಬೇಕು. ಆ ಅಭಿಪ್ರಾಯದಲ್ಲಿ ಉದಾಹರಣೆಯಾಗಿ ಬರುವ ಕಾಲ್ಪನಿಕ ವಕೀಲರು, ಒಪ್ಪಿದ ಹುಡುಕುಪದಗಳಿಂದ ತಮ್ಮ ಕಕ್ಷಿದಾರರ ನೆಟ್‌ವರ್ಕ್ ಹುಡುಕಲು ಎದುರು ಪಕ್ಷದವರು ಆರಿಸಿದ ವೆಂಡರ್‌ಗೆ ಬಿಟ್ಟುಕೊಡುತ್ತಾರೆ. ತಪ್ಪಿ ಹೋದದ್ದನ್ನು ವಾಪಸ್ ಪಡೆಯುವ ಒಪ್ಪಂದ ಇದೆಯಲ್ಲ ಎಂಬ ಧೈರ್ಯ ಅವರಿಗೆ. ಕೊನೆಗೆ ವಕೀಲ-ಕಕ್ಷಿದಾರರ ನಡುವಿನ ಗೋಪ್ಯ ಪತ್ರಗಳೂ ವ್ಯಾಪಾರದ ಗುಟ್ಟುಗಳೂ ಆಚೆ ಹೋಗುತ್ತವೆ.

ಒಂಬತ್ತನ್ನೂ ಒಬ್ಬರೇ ಕೈಯಾರೆ ಮಾಡಬೇಕಿಲ್ಲ. ಕಚೇರಿಯಲ್ಲಿ ಸಾಮಾನ್ಯವಾಗಿ ಮೂರು ಪಾತ್ರಗಳಿರುತ್ತವೆ. 26(ಎಫ್) ಮಾತುಕತೆಗೆ (ಡಿಸ್ಕವರಿ ಹೇಗೆ ನಡೆಯಬೇಕೆಂದು ಎರಡೂ ಪಕ್ಷದ ವಕೀಲರು ಮೊದಲೇ ನಡೆಸುವ ಭೇಟಿ) ಕೂರುವ ಹಿರಿಯ ವಕೀಲರು, ಹುಡುಕಾಟ ಮತ್ತು ರಿವ್ಯೂ (ದಾಖಲೆ ಓದಿ ಗುರುತು ಹಾಕುವುದು) ನಡೆಸುವ ಕಿರಿಯ ವಕೀಲರು, ಪ್ಲಾಟ್‌ಫಾರ್ಮ್ (ದಾಖಲೆಗಳನ್ನು ಇಟ್ಟು ಓದುವ ಸಾಫ್ಟ್‌ವೇರ್) ನೋಡಿಕೊಳ್ಳುವ ಲಿಟಿಗೇಷನ್ ಸಪೋರ್ಟ್ ಸಿಬ್ಬಂದಿ. ಮೂವರನ್ನೂ ಒಂದೇ ತರಗತಿಯಲ್ಲಿ ಕೂರಿಸಿದರೆ ಹಿರಿಯರು ಫೋನ್ ನೋಡುತ್ತಾರೆ, ಸಿಬ್ಬಂದಿಗೆ ಎಲ್ಲ ಗೊತ್ತಿರುತ್ತದೆ, ಕಿರಿಯರು ನೋಟ್ಸ್ ಬರೆದುಕೊಂಡು ಮರೆಯುತ್ತಾರೆ.

ಗಂಟೆ ಲೆಕ್ಕದ ವೆಬಿನಾರ್

ಅಗ್ಗ, ಸುಲಭ, ಕಡ್ಡಾಯ ಶಿಕ್ಷಣದ ಗಂಟೆಗಳೂ ತುಂಬುತ್ತವೆ. ಫ್ಲಾರಿಡಾ 2017ರ ಆರಂಭದಿಂದ ಮೂರು ವರ್ಷಕ್ಕೆ 3 ಗಂಟೆ ತಂತ್ರಜ್ಞಾನದ ಕಲಿಕೆ ಕಡ್ಡಾಯ ಮಾಡಿದ ಮೇಲೆ ಇಂಥವಕ್ಕೆ ಬೇಡಿಕೆ ಹೆಚ್ಚಿತು. ನಿಯಮ ತಿಳಿಯಲು ಇದು ಸಾಕು. ಡೇಟಾ ಕಳೆದರೆ 37(ಇ) ಏನು ಹೇಳುತ್ತದೆ ಎಂಬುದನ್ನು ಒಂದು ಗಂಟೆಯಲ್ಲಿ ಚೆನ್ನಾಗಿಯೇ ಹೇಳಬಹುದು: ಉಳಿಸಬೇಕಿದ್ದ ಡೇಟಾ, ತಕ್ಕ ಎಚ್ಚರ ವಹಿಸದೆ ಕಳೆದುಹೋಗಿ, ಬೇರೆಲ್ಲೂ ಸಿಗದಿದ್ದರೆ ಮಾತ್ರ ಈ ನಿಯಮ ಅನ್ವಯ. ಎದುರಾಳಿಗೆ ತೊಂದರೆಯಾಗಿದ್ದರೆ ಆ ತೊಂದರೆ ಸರಿಪಡಿಸುವಷ್ಟು ಕ್ರಮ. ಕಳೆದ ಮಾಹಿತಿ ಕಳೆದವರಿಗೆ ಪ್ರತಿಕೂಲವಾಗಿತ್ತು ಎಂದು ಭಾವಿಸುವುದು, ದಾವೆ ವಜಾ ಮಾಡುವುದು ಮುಂತಾದ ಕಠಿಣ ಶಿಕ್ಷೆಗೆ, ಎದುರಾಳಿಯ ಕೈಗೆ ಸಿಗದಂತೆ ಮಾಡುವ ಉದ್ದೇಶ ಸಾಬೀತಾಗಬೇಕು.

ಹಾಗೆಯೇ ಸಾಕ್ಷ್ಯ ನಿಯಮ 502(ಡಿ). ಪಕ್ಷಗಳು ತಮ್ಮೊಳಗೆ ಮಾಡಿಕೊಂಡ ವಾಪಸಾತಿ ಒಪ್ಪಂದ ಅವರಿಬ್ಬರನ್ನು ಮಾತ್ರ ಕಟ್ಟಿಹಾಕುತ್ತದೆ. ನ್ಯಾಯಾಧೀಶರ 502(ಡಿ) ಆದೇಶ ಇತರ ಫೆಡರಲ್ ಮತ್ತು ರಾಜ್ಯ ನ್ಯಾಯಾಲಯಗಳಲ್ಲೂ ಗೋಪ್ಯತೆಯ ಹಕ್ಕನ್ನು ಕಾಪಾಡುತ್ತದೆ. ಒಂದು ಪುಟದ ಆದೇಶ. ಕೇಳದೆ ಇರಲು ಕಾರಣವೇ ಇಲ್ಲ. ಇದನ್ನು ಕಲಿಸದ ವೆಬಿನಾರ್‌ಗೆ ದುಡ್ಡು ಕೊಡಬೇಡಿ.

ಆದರೆ ವೆಬಿನಾರ್ ಮುಗಿಸಿ ಬಂದವರಿಗೆ ಹುಡುಕುಪದ ಬರೆಯಲು ಬರುವುದಿಲ್ಲ. ಮಾತಿನ ಪರಿಚಯವಾಗಿರುತ್ತದೆ, ಅಷ್ಟೇ. ಅಪಾಯ ಇರುವುದೂ ಅಲ್ಲೇ. "ಹ್ಯಾಶ್" (ಫೈಲಿನ ಬೆರಳಚ್ಚಿನಂಥ ಸಂಖ್ಯೆ), "ಡಿಡ್ಯೂಪ್" (ಒಂದೇ ದಾಖಲೆಯ ನಕಲುಗಳನ್ನು ತೆಗೆದುಹಾಕುವುದು) ಎಂದು ಸರಾಗವಾಗಿ ಮಾತಾಡುವವರಿಗೆ ಕೆಲಸವೂ ಗೊತ್ತಿರಬೇಕೆಂದು ಎಲ್ಲರೂ ನಂಬುತ್ತಾರೆ.

ಪ್ರಮಾಣಪತ್ರ: ಎರಡು ಜಾತಿ

ಇ-ಡಿಸ್ಕವರಿ ತಜ್ಞರ ಸಂಘವಾದ ಎಸೆಡ್ಸ್ ಕೊಡುವ ಸಿಇಡಿಎಸ್ ಪ್ರಮಾಣಪತ್ರ ಯಾವ ಸಾಫ್ಟ್‌ವೇರ್‌ಗೂ ಅಂಟಿಕೊಂಡಿಲ್ಲ. ಡೇಟಾ ಗುರುತಿಸುವಲ್ಲಿಂದ ಒಪ್ಪಿಸುವವರೆಗೆ ಇಡೀ ಹಾದಿಯನ್ನು ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಪರೀಕ್ಷಿಸುತ್ತದೆ. ರಿಲೆಟಿವಿಟಿಯಂಥ ಪ್ಲಾಟ್‌ಫಾರ್ಮುಗಳ ಸ್ವಂತ ಪ್ರಮಾಣಪತ್ರಗಳು ಇನ್ನೊಂದು ಜಾತಿ. ಆ ಸಾಫ್ಟ್‌ವೇರಿನಲ್ಲಿ ವರ್ಕ್‌ಸ್ಪೇಸ್ ಕಟ್ಟುವುದು, ಅನುಮತಿ ಕೊಡುವುದು, ಇಂಡೆಕ್ಸ್ (ಹುಡುಕಾಟಕ್ಕೆ ಪದಸೂಚಿ) ಮಾಡುವುದು, ಪ್ರೊಡಕ್ಷನ್ (ಎದುರು ಪಕ್ಷಕ್ಕೆ ಕೊಡುವ ದಾಖಲೆಗಳ ಕಟ್ಟು) ಹೊರಡಿಸುವುದು ಅಲ್ಲಿನ ಪಾಠ.

ಸಪೋರ್ಟ್ ಸಿಬ್ಬಂದಿಗೆ ಎರಡನೆಯದೇ ಸರಿ. ದಿನವೂ ಬಳಸುವ ಉಪಕರಣ ಅದು. ಇ-ಡಿಸ್ಕವರಿಯನ್ನೇ ವೃತ್ತಿಯಾಗಿಸಿಕೊಳ್ಳುವ ಕಿರಿಯ ವಕೀಲರಿಗೆ ಮೊದಲನೆಯದು ಹೊಂದುತ್ತದೆ. ಓದುವ ನೆಪದಲ್ಲಾದರೂ ಹಾದಿಯ ಎಲ್ಲ ನಿಲ್ದಾಣಗಳನ್ನು ಒಮ್ಮೆ ಕಾಣುತ್ತಾರೆ. ವರ್ಷಕ್ಕೆ ಎರಡು ದಾವೆ ನಡೆಸುವ ಹಿರಿಯರಿಗೆ ಎರಡೂ ಬೇಡ. ಪ್ಲಾಟ್‌ಫಾರ್ಮ್ ಪರೀಕ್ಷೆಗಳ ಇನ್ನೊಂದು ತೊಡಕು, ಸಾಫ್ಟ್‌ವೇರಿನ ಪರದೆ ಬದಲಾದಂತೆ ಕಲಿತದ್ದೂ ಹಳತಾಗುವುದು. ನವೀಕರಣಕ್ಕೆ ಹೊತ್ತು ಎತ್ತಿಡದ ಕಚೇರಿಯಲ್ಲಿ ಆ ಪ್ರಮಾಣಪತ್ರ ಗೋಡೆಗೆ ಮಾತ್ರ ಚಂದ.

ವಾರದ ಅಕಾಡೆಮಿ

ಐದು ದಿನ ಕೆಲಸ ಬಿಟ್ಟು ಕೂತು ಕಲಿಯುವ ಶಿಬಿರ. ಒಳ್ಳೆಯ ಶಿಬಿರವೋ ಅಲ್ಲವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಪ್ರತಿಯೊಬ್ಬರ ಲ್ಯಾಪ್‌ಟಾಪಿಗೂ ಅಭ್ಯಾಸದ ಡೇಟಾ ಕೊಡುತ್ತಾರೆಯೇ? ಕೊಟ್ಟರೆ, ಕೊನೆಯ ದಿನ 26(ಎಫ್) ಮಾತುಕತೆಯ ಅಣಕು ಪ್ರದರ್ಶನವನ್ನೂ ನಡೆಸಿದರೆ, ಕಚೇರಿಯಲ್ಲಿ ಉಳಿದವರಿಗೆ ಕಲಿಸಬೇಕಾದ ಒಬ್ಬರನ್ನು ಕಳಿಸಿ. ಹತ್ತು ಜನರನ್ನು ಕಳಿಸುವ ಖರ್ಚಿನಲ್ಲಿ ಕಚೇರಿಯೊಳಗೇ ಪ್ರಯೋಗಶಾಲೆ ನಡೆಸಬಹುದು.

ಕಚೇರಿಯೊಳಗಿನ ಪ್ರಯೋಗಶಾಲೆ

ರಿವ್ಯೂ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಸರಳ: ಇ-ಡಿಸ್ಕವರಿಯಲ್ಲಿ ಕೆಡುವ ಸಂಗತಿಗಳು ಕೇಳಿದಾಗ ಕ್ಷುಲ್ಲಕ ಅನ್ನಿಸುತ್ತವೆ, ಕೈಯಲ್ಲಿ ಕೆಟ್ಟಾಗ ಮಾತ್ರ ನೆನಪಿನಲ್ಲಿ ಕೂರುತ್ತವೆ.

ಡೇಟಾಕ್ಕೆ, ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಇಮೇಲ್‌ಗಳು ಸಿಗುತ್ತವೆ. ಫೆಡರಲ್ ಇಂಧನ ನಿಯಂತ್ರಣ ಆಯೋಗ 2003ರಲ್ಲಿ ಬಹಿರಂಗಪಡಿಸಿದ ಸಂಗ್ರಹ ಇದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಹಂಚುವ ಆವೃತ್ತಿಯಲ್ಲಿ ಸುಮಾರು 150 ಜನರ 5 ಲಕ್ಷದಷ್ಟು ಸಂದೇಶಗಳಿವೆ. ಆದರೆ ಅದರಲ್ಲಿ ಅಟ್ಯಾಚ್‌ಮೆಂಟುಗಳಿಲ್ಲ, ಮತ್ತು ತರಬೇತಿಗೆ ಅದೇ ದೊಡ್ಡ ಕೊರತೆ. ಇಮೇಲು ಮತ್ತು ಅದರ ಅಟ್ಯಾಚ್‌ಮೆಂಟನ್ನು ಒಂದು ಕುಟುಂಬವಾಗಿ ನೋಡುವುದೇ ರಿವ್ಯೂನ ಅರ್ಧ ಕೆಲಸ. ಆದ್ದರಿಂದ ಅಟ್ಯಾಚ್‌ಮೆಂಟ್ ಇರುವ ಆವೃತ್ತಿಯನ್ನೇ ಹುಡುಕಿ ತನ್ನಿ. ಅದರಿಂದ ಐದು ಜನರ 10,000 ದಾಖಲೆಗಳನ್ನು ಬೇರ್ಪಡಿಸಿದರೆ ಸಾಕು. ಇನ್ನೂ ದೊಡ್ಡದಾದರೆ ಪ್ರೊಸೆಸಿಂಗ್‌ಗೆ (ಸಾಫ್ಟ್‌ವೇರ್ ಫೈಲುಗಳನ್ನು ಬಿಚ್ಚಿ ಹುಡುಕಲು ಸಿದ್ಧಪಡಿಸುವುದು) ಕಾಯುವುದರಲ್ಲೇ ಬೆಳಗು ಕಳೆಯುತ್ತದೆ, ತೀರ ಚಿಕ್ಕದಾದರೆ ಎಲ್ಲವನ್ನೂ ಕಣ್ಣಲ್ಲೇ ಓದಿಬಿಡುತ್ತಾರೆ.

ಆ ಗುಡ್ಡೆಯೊಳಗೆ ಬೇಕೆಂದೇ ಮುಳ್ಳು ಹುದುಗಿಸಿ. ಪಾಸ್‌ವರ್ಡ್ ಹಾಕಿದ 12 ಫೈಲುಗಳು, ಅಕ್ಷರ ಗುರುತಿಸದ 20 ಸ್ಕ್ಯಾನ್ ಪಿಡಿಎಫ್‌ಗಳು, ಮುಚ್ಚಿಟ್ಟ ಕಾಲಂ ಇರುವ ಎರಡು ಸ್ಪ್ರೆಡ್‌ಶೀಟುಗಳು, ಕಾಲ್ಪನಿಕ ವಕೀಲರ ಹೆಸರಿನ 40 ಗೋಪ್ಯ ಪತ್ರಗಳು. ಆ 40ರಲ್ಲಿ ಹತ್ತರಲ್ಲಾದರೂ ವಕೀಲರ ಪೂರ್ತಿ ಹೆಸರಿರದೆ ಅಡ್ಡಹೆಸರಷ್ಟೇ ಇರಲಿ. ಬರಿಯ ಇಮೇಲ್ ವಿಳಾಸದಿಂದ ಗೋಪ್ಯ ಪತ್ರ ಸೋಸುತ್ತೇವೆ ಎನ್ನುವವರಿಗೆ ಅದು ಪಾಠ.

ಮೊದಲ ದಿನ ಕಂಪ್ಯೂಟರ್ ಮುಟ್ಟಿಸಬೇಡಿ. ಕಂಪನಿಯ ಐಟಿ ಮುಖ್ಯಸ್ಥರಂತೆ ನಟಿಸುವ ಒಬ್ಬರನ್ನು ಕೂರಿಸಿ, 45 ನಿಮಿಷ ಪ್ರಶ್ನೆ ಕೇಳಲು ಹೇಳಿ. ಹೆಚ್ಚಿನವರು ಇಮೇಲ್ ಸರ್ವರ್ ಎಲ್ಲಿದೆ ಎಂದು ಕೇಳಿ ನಿಲ್ಲುತ್ತಾರೆ. ಕೇಳಬೇಕಾದದ್ದು: ಚಾಟ್ ಸಂದೇಶ ಎಷ್ಟು ದಿನಕ್ಕೆ ತಾನಾಗಿ ಅಳಿಯುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ಯಾರದು, ನೌಕರಿ ಬಿಟ್ಟವರ ಲ್ಯಾಪ್‌ಟಾಪು ಎಷ್ಟು ದಿನಕ್ಕೆ ಅಳಿಸಿ ಬೇರೆಯವರಿಗೆ ಹೋಗುತ್ತದೆ, ಸ್ವಂತ ಫೋನಿನಲ್ಲಿ ಕೆಲಸದ ಸಂದೇಶ ಕಳಿಸುತ್ತಾರೆಯೇ. ಐಫೋನಿನಲ್ಲಿ ಸಂದೇಶಗಳನ್ನು 30 ದಿನ, ಒಂದು ವರ್ಷ ಅಥವಾ ಶಾಶ್ವತವಾಗಿ ಇಡುವ ಆಯ್ಕೆಯಿದೆ. ಹೋಲ್ಡ್ ಪತ್ರ (ಏನನ್ನೂ ಅಳಿಸಬೇಡಿ ಎಂಬ ಸೂಚನೆ) ಹೋದ ಮೇಲೂ ಯಾರಾದರೊಬ್ಬರ ಫೋನು 30 ದಿನದಲ್ಲೇ ಉಳಿದಿದ್ದರೆ ಸಾಕ್ಷ್ಯ ದಿನದಿನವೂ ಕರಗುತ್ತದೆ. ಗೂಗಲ್ ಪ್ಲೇ ಸ್ಟೋರ್ ದಾವೆಯಲ್ಲಿ 2023ರಲ್ಲಿ ನ್ಯಾಯಾಧೀಶ ಜೇಮ್ಸ್ ಡೊನಾಟೊ ತಪ್ಪು ಕಂಡದ್ದು ಇಂಥದ್ದರಲ್ಲೇ: ಚಾಟ್ ಉಳಿಸುವ ನಿರ್ಧಾರವನ್ನು ಕಂಪನಿ ಒಬ್ಬೊಬ್ಬ ನೌಕರರಿಗೇ ಬಿಟ್ಟಿತ್ತು.

ಎರಡನೆಯ ದಿನ ಹುಡುಕಾಟ. ತಂಡಕ್ಕೆ ಒಂದು ದೂರು ಪತ್ರ ಕೊಟ್ಟು, ಹದಿನೈದು ಪದಗಳ ಪಟ್ಟಿ ಬರೆಸಿ, ಓಡಿಸಿ, ಎಷ್ಟು ಸಿಕ್ಕವು ಎಂಬ ವರದಿ ನೋಡಿಸಿ. ಒಂದು ಪದ 4,000 ದಾಖಲೆ ಎಳೆದು ತಂದಿರುತ್ತದೆ. ಪ್ರತಿ ಇಮೇಲಿನ ಅಡಿಟಿಪ್ಪಣಿಯಲ್ಲೂ ಆ ಪದವಿರುತ್ತದೆ. ಇನ್ನೊಂದು ಸೊನ್ನೆ ತಂದಿರುತ್ತದೆ; ಅದರಲ್ಲಿ "ಆರ್&ಡಿ" ಥರದ ಚಿಹ್ನೆಯಿದ್ದು, ಇಂಡೆಕ್ಸ್ ಆ ಚಿಹ್ನೆಯನ್ನು ಖಾಲಿ ಜಾಗ ಎಂದು ಓದಿರುತ್ತದೆ. ಸ್ಕ್ಯಾನ್ ಪಿಡಿಎಫ್‌ಗಳು ಯಾವ ಪದಕ್ಕೂ ಸಿಗುವುದಿಲ್ಲ. ಪ್ರೊಸೆಸಿಂಗ್‌ನ ದೋಷ ವರದಿ ತೆರೆದು ನೋಡಿದವರಿಗೆ ಮಾತ್ರ ಪಾಸ್‌ವರ್ಡ್ ಫೈಲುಗಳು ಇವೆಯೆಂದೇ ಗೊತ್ತಾಗುತ್ತದೆ. ಆ ವರದಿಯನ್ನು ಕೇಳಿ ಪಡೆಯುವ ಅಭ್ಯಾಸ ಒಂದನ್ನು ಕಲಿಸಿದರೂ ಆ ದಿನ ಸಾರ್ಥಕ.

ಪದಗಳ ಮೇಲಿನ ಅತಿ ನಂಬಿಕೆ ಬಿಡಿಸಲು ಬ್ಲೇರ್ ಮತ್ತು ಮ್ಯಾರನ್ 1985ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲೇ ಹೇಳಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಬಾರ್ಟ್ ರೈಲು ಅಪಘಾತದ ದಾವೆಯಲ್ಲಿ ಸುಮಾರು 40,000 ದಾಖಲೆಗಳಿದ್ದವು. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದು ವಕೀಲರು ನಂಬಿದ್ದರು. ಸಿಕ್ಕಿದ್ದು ಐದರಲ್ಲಿ ಒಂದು ಪಾಲು. ಒಂದು ಪಕ್ಷದವರು "ಅಪಘಾತ" ಎಂದದ್ದನ್ನು ಇನ್ನೊಂದು ಪಕ್ಷದವರು "ದುರದೃಷ್ಟಕರ ಘಟನೆ" ಎಂದು ಬರೆದಿದ್ದರು. ತಪ್ಪಿಗೆ ಹತ್ತಿರವಿದ್ದವರು ತಪ್ಪಿನ ಹೆಸರು ಬರೆಯುವುದಿಲ್ಲ.

ಮೂರನೆಯ ದಿನ ರಿವ್ಯೂ ಮತ್ತು ಪ್ರೊಡಕ್ಷನ್. ಒಂದೇ 150 ದಾಖಲೆಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಲಿ. ಗಂಟೆಗೆ 40ರಿಂದ 60ರ ವೇಗದಲ್ಲಿ ಬೆಳಗ್ಗಿನ ಹೊತ್ತು ಪೂರ್ತಿ ಅದಕ್ಕೇ ಹೋಗುತ್ತದೆ. ಇಬ್ಬರ ಗುರುತುಗಳು ಎಷ್ಟು ಕಡೆ ಬೇರೆಯಾಗಿವೆ ಎಂದು ಎಣಿಸಿ ತೋರಿಸಿದಾಗ ರಿವ್ಯೂ ಸೂಚನಾಪತ್ರ ಯಾಕೆ ಬೇಕು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಮಧ್ಯಾಹ್ನ ತಂಡ ಎರಡಾಗಲಿ. ಒಂದು ತಂಡ ಪ್ರೊಡಕ್ಷನ್ ಹೊರಡಿಸಲಿ, ಇನ್ನೊಂದು ಅದನ್ನು ಲೋಡ್ ಮಾಡಲಿ. ಎಲ್ಲ ಇಲ್ಲಿ ಕೆಡುತ್ತದೆ, ಕೆಡಲಿ. ಕಾನ್ಕಾರ್ಡೆನ್ಸ್ ಮಾದರಿಯ ಡ್ಯಾಟ್ ಫೈಲಿನಲ್ಲಿ (ಪ್ರೊಡಕ್ಷನ್ ಜೊತೆ ಹೋಗುವ ದಾಖಲೆಗಳ ವಿವರಪಟ್ಟಿ) ಕಾಲಂ ಬೇರ್ಪಡಿಸಲು 20ನೇ ಅಕ್ಷರಸಂಖ್ಯೆ, ಪಠ್ಯದ ಎರಡು ಬದಿಗೆ 254, ಒಳಗಿನ ಸಾಲುಮುರಿತಕ್ಕೆ 174 ಬಳಸುತ್ತಾರೆ. ಯುಟಿಎಫ್-8ರಲ್ಲಿ ಉಳಿಸಿದ ಫೈಲನ್ನು ಹಳೆಯ ಎನ್‌ಕೋಡಿಂಗ್‌ನಲ್ಲಿ ತೆರೆದರೆ 254ರ ಅಕ್ಷರ ಎರಡು ಬೈಟಾಗಿ ಒಡೆದು ಕಾಲಂಗಳು ಹಾಳಾಗುತ್ತವೆ. ಸ್ಪ್ರೆಡ್‌ಶೀಟನ್ನು ಟಿಫ್ ಚಿತ್ರ ಮಾಡಿ ಕೊಟ್ಟರೆ ನೂರಾರು ಪುಟ ಬರುತ್ತದೆ, ಸೂತ್ರಗಳು ಮಾಯವಾಗುತ್ತವೆ. ಅದನ್ನು ಮೂಲ ರೂಪದಲ್ಲೇ ಕೊಡಬೇಕು. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದು ಮುಚ್ಚಿದ್ದೇವೆ ಎಂದುಕೊಂಡ ಸಾಲು, ನಕಲಿಸಿ ಬೇರೆಡೆ ಅಂಟಿಸಿದರೆ ಪೂರ್ತಿ ಓದಲು ಸಿಗುತ್ತದೆ. ಚಿತ್ರದಲ್ಲಿ ಮುಚ್ಚಿದ ಮೇಲೆ ಅಕ್ಷರಗಳ ಫೈಲನ್ನೂ ಹೊಸದಾಗಿ ತೆಗೆಯದಿದ್ದರೆ ಗುಟ್ಟು ಅಲ್ಲೂ ಉಳಿದಿರುತ್ತದೆ.

ಎರಡು ಸಂಗತಿ ಕಲಿಯುವವರನ್ನು ವಿಶೇಷವಾಗಿ ಗೊಂದಲಕ್ಕೆ ಕೆಡವುತ್ತವೆ. ಒಂದು, ಕಾಲವಲಯ. ಲಾಸ್ ಏಂಜಲೀಸ್‌ನಲ್ಲಿ ಚಳಿಗಾಲದ ರಾತ್ರಿ 11:30ಕ್ಕೆ ಕಳಿಸಿದ ಇಮೇಲನ್ನು ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯ) ಪ್ರೊಸೆಸ್ ಮಾಡಿದರೆ ಮರುದಿನ ಬೆಳಗ್ಗೆ 7:30 ಎಂದು ತೋರಿಸುತ್ತದೆ. ದಿನಾಂಕದ ಮಿತಿ ಹಾಕಿ ಹುಡುಕಿದಾಗ ಅದು ಹೊರಗುಳಿಯಬಹುದು. ಇನ್ನೊಂದು, ನಕಲುಗಳನ್ನು ತೆಗೆದುಹಾಕುವುದು. ಇಮೇಲಿನ ಹ್ಯಾಶ್ ಸಾಮಾನ್ಯವಾಗಿ ಇಡೀ ಫೈಲಿನದಲ್ಲ. ಕಳಿಸಿದವರು, ಪಡೆದವರು, ವಿಷಯ, ಸಮಯ, ಒಡಲು ಇವನ್ನು ಜೋಡಿಸಿ ಲೆಕ್ಕ ಹಾಕಿದ್ದು. ಯಾವ ಯಾವುದನ್ನು ಜೋಡಿಸುತ್ತದೆ ಎಂಬುದು ಉಪಕರಣದಿಂದ ಉಪಕರಣಕ್ಕೆ ಬೇರೆ. ಹಾಗಾಗಿ ಇಬ್ಬರು ವೆಂಡರ್‌ಗಳು ಪ್ರೊಸೆಸ್ ಮಾಡಿದ ಒಂದೇ ಇಮೇಲ್ ಎರಡು ಬೇರೆ ಇಮೇಲಿನಂತೆ ಕಾಣಬಹುದು. ದಾವೆಯ ನಡುವೆ ವೆಂಡರ್ ಬದಲಿಸಿದವರಿಗೆ ರಿವ್ಯೂ ಖರ್ಚು ಏರುವುದಕ್ಕೆ ಇದೂ ಒಂದು ಕಾರಣ.

ನಡೆಯುತ್ತಿರುವ ದಾವೆಯಲ್ಲಿ ಹಿರಿಯರ ಜೊತೆ ಕೂರಿಸುವುದು

ಹಳೆಯ ಪದ್ಧತಿ, ಈಗಲೂ ಬೆಲೆಯುಳ್ಳದ್ದು. ಮಾತುಕತೆಯ ಕಲೆ ಬೇರೆಲ್ಲೂ ಸಿಗುವುದಿಲ್ಲ. 26(ಎಫ್) ಭೇಟಿ ವೇಳಾಪಟ್ಟಿ ಸಭೆಗೆ ಕನಿಷ್ಠ 21 ದಿನ ಮುಂಚೆ ನಡೆಯಬೇಕು, ವರದಿ ಆಮೇಲಿನ 14 ದಿನದೊಳಗೆ ಹೋಗಬೇಕು. ಆ ಮೇಜಿನಲ್ಲಿ ಯಾವ ರೂಪದಲ್ಲಿ ಕೊಡುವುದು, ಯಾವ ಮೆಟಾಡೇಟಾ (ದಿನಾಂಕ, ಕಳಿಸಿದವರು ಮುಂತಾದ ಫೈಲಿನ ವಿವರ) ಕಾಲಂಗಳು, ಇಮೇಲಿನಲ್ಲಿ ಕೊಂಡಿಯಾಗಿ ಕಳಿಸಿದ ಕ್ಲೌಡ್ ಫೈಲು ಅಟ್ಯಾಚ್‌ಮೆಂಟ್ ಎನಿಸಿಕೊಳ್ಳುತ್ತದೆಯೇ ಎಂದೆಲ್ಲ ಹಿರಿಯರು ಹೇಗೆ ಬಿಟ್ಟುಕೊಟ್ಟು ಪಡೆಯುತ್ತಾರೆ ಎಂಬುದನ್ನು ನೋಡಿಯೇ ಕಲಿಯಬೇಕು.

ತೊಂದರೆ ಎರಡು. ಹಿರಿಯರಿಗೆ ತಪ್ಪು ಅಭ್ಯಾಸಗಳಿದ್ದರೆ ಅವೂ ಕೈಬದಲಾಗುತ್ತವೆ. ಮತ್ತು ನಿಜವಾದ ದಾವೆಯಲ್ಲಿ ಕಲಿಯುವವರ ತಪ್ಪಿಗೆ ಕಕ್ಷಿದಾರರು ತೆರಬೇಕಾಗುತ್ತದೆ. ವಿಕ್ಟರ್ ಸ್ಟಾನ್ಲಿ ಮತ್ತು ಕ್ರಿಯೇಟಿವ್ ಪೈಪ್ ನಡುವಿನ 2008ರ ತೀರ್ಪಿನಲ್ಲಿ, 70 ಹುಡುಕುಪದಗಳಿಂದ ಗೋಪ್ಯ ಪತ್ರ ಸೋಸಿದ ಪ್ರತಿವಾದಿಗಳ 165 ಪತ್ರಗಳು ಎದುರು ಪಕ್ಷದ ಕೈಸೇರಿದ್ದವು. ಆ ಪದಗಳನ್ನು ಹೇಗೆ ಆರಿಸಿದಿರಿ, ಮಾದರಿ ತೆಗೆದು ಪರೀಕ್ಷಿಸಿದಿರಾ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗದೆ, ನ್ಯಾಯಾಧೀಶ ಪಾಲ್ ಗ್ರಿಮ್ ಗೋಪ್ಯತೆಯ ಹಕ್ಕು ಹೋಯಿತೆಂದರು. ವಾಪಸಾತಿ ಒಪ್ಪಂದದ ಪ್ರಸ್ತಾಪವನ್ನು ಪ್ರತಿವಾದಿಗಳು ಅದಕ್ಕೆ ಮುಂಚೆ ತಾವೇ ಕೈಬಿಟ್ಟಿದ್ದರು. ಪ್ರಯೋಗಶಾಲೆ ಮೊದಲು, ದಾವೆ ಆಮೇಲೆ ಎನ್ನುವುದು ಇದಕ್ಕೇ.

ಎಲ್ಲವನ್ನೂ ವೆಂಡರ್‌ಗೆ ಬಿಟ್ಟರೆ?

ಚಿಕ್ಕ ಕಚೇರಿಗೆ ಇದು ತಪ್ಪಲ್ಲ, ಕ್ಯಾಲಿಫೋರ್ನಿಯಾದ ಅಭಿಪ್ರಾಯವೂ ಒಪ್ಪುತ್ತದೆ. ಆದರೆ ಮೇಲ್ವಿಚಾರಣೆಯ ಹೊಣೆ ವಕೀಲರದ್ದೇ. ಆಗ ತರಬೇತಿ ಬೇಕಿರುವುದು ಪ್ರಶ್ನೆ ಕೇಳಲು: ಯಾವ ಕಾಲವಲಯ, ಯಾವ ಹಂತದಲ್ಲಿ ನಕಲುಗಳನ್ನು ತೆಗೆದುಹಾಕಿದಿರಿ, ದೋಷ ವರದಿ ಎಲ್ಲಿ, ಸಂಗ್ರಹಿಸಿದ ಎಷ್ಟು ದಾಖಲೆ ಎಲ್ಲೆಲ್ಲಿ ಬಿಟ್ಟುಹೋದವು. ಕೊನೆಯ ಪ್ರಶ್ನೆಗೆ ಕೂಡಿ ಕಳೆದು ತಾಳೆಯಾಗುವ ಲೆಕ್ಕ ಕೊಡದ ವೆಂಡರ್ ಬೇಡ. ಇಷ್ಟಕ್ಕೆ ಅರ್ಧ ದಿನದ ಪಾಠ ಸಾಕು.

ಕಂಪ್ಯೂಟರೇ ದಾಖಲೆ ವಿಂಗಡಿಸುವ ವಿಧಾನಕ್ಕೂ ಇದೇ ಮಾತು. 2012ರಲ್ಲಿ ಡಾ ಸಿಲ್ವಾ ಮೂರ್ ದಾವೆಯಲ್ಲಿ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಅದನ್ನು ಒಪ್ಪಿದಂದಿನಿಂದ ಬಳಕೆಯಲ್ಲಿದೆ. ವಕೀಲರಿಗೆ ಗಣಿತ ಬೇಡ, ಒಂದು ಲೆಕ್ಕ ಬೇಕು. 9,000 ದಾಖಲೆ ಸಿಕ್ಕಿವೆ, 80,000 ಬೇಡವೆಂದು ಪಕ್ಕಕ್ಕಿಟ್ಟಿದ್ದೀರಿ ಎನ್ನೋಣ. ಆ 80,000ದಿಂದ ಕಣ್ಣುಮುಚ್ಚಿ 1,500 ತೆಗೆದು ಓದಿ. 15ರಲ್ಲಿ ಬೇಕಾದದ್ದು ಸಿಕ್ಕರೆ ಶೇ. 1; ಅಂದರೆ ಸುಮಾರು 800 ತಪ್ಪಿವೆ. 9,800ರಲ್ಲಿ 9,000, ಅಂದಾಜು ಶೇ. 92. ಈ ಸಂಖ್ಯೆಯನ್ನು ನ್ಯಾಯಾಧೀಶರ ಮುಂದೆ ಹೇಳಬಹುದು. ಆ 15 ಎಂಥವು ಎಂದು ಓದಿ ನೋಡಿಯೇ ಹೇಳಬೇಕು, ದಾವೆಯ ಜೀವಾಳದಂಥ ಪತ್ರ ಅದರಲ್ಲಿದ್ದರೆ ಶೇ. 92 ನಿಮ್ಮನ್ನು ಕಾಯುವುದಿಲ್ಲ. ಉತ್ಪಾದಕ ಎಐ ಗುರುತು ಹಾಕಿದರೂ ಪರೀಕ್ಷೆ ಇದೇ.

ಹಾಗಾದರೆ ಯಾರಿಗೆ ಏನು

ಒಬ್ಬರೇ ನಡೆಸುವ ಕಚೇರಿಗೆ: 37(ಇ), 502(ಡಿ), 26(ಎಫ್) ಬಗ್ಗೆ ಎರಡು ಮೂರು ವೆಬಿನಾರ್, ಮೇಲ್ವಿಚಾರಣೆಯ ಅರ್ಧ ದಿನದ ಪಾಠ, ಒಬ್ಬ ನಂಬಿಕಸ್ಥ ವೆಂಡರ್. ಹತ್ತಿಪ್ಪತ್ತು ವಕೀಲರಿರುವ ಕಡೆ ಒಬ್ಬರನ್ನು ಅಕಾಡೆಮಿಗೆ ಕಳಿಸಿ, ಬಂದ ಮೇಲೆ ಅವರಿಂದಲೇ ಮೂರು ದಿನದ ಪ್ರಯೋಗಶಾಲೆ ನಡೆಸಿ. ದೊಡ್ಡ ಕಚೇರಿಯಲ್ಲಿ ಕಿರಿಯರಿಗೆ ಪ್ರಯೋಗಶಾಲೆ, ಸಿಬ್ಬಂದಿಗೆ ಪ್ಲಾಟ್‌ಫಾರ್ಮ್ ಪ್ರಮಾಣಪತ್ರ. ಹಿರಿಯರಿಗೆ ಅಣಕು 26(ಎಫ್) ಮಾತ್ರ, ಅದೂ ಕಿರಿಯರ ಎದುರಿನಲ್ಲಿ. ಸಂಕೋಚಕ್ಕಾದರೂ ಓದಿಕೊಂಡು ಬರುತ್ತಾರೆ.

ಯಾವುದನ್ನು ಆರಿಸಿದರೂ ಆರು ತಿಂಗಳಾದ ಮೇಲೆ ಪರೀಕ್ಷೆ ಇಡಿ. ಲಿಖಿತ ಪ್ರಶ್ನೆ ಬೇಡ. 500 ದಾಖಲೆಗಳ ಒಂದು ಪ್ರೊಡಕ್ಷನ್ ಕೊಡಿ: ಎರಡು ಬೇಟ್ಸ್ ಸಂಖ್ಯೆ (ಪುಟಗಳಿಗೆ ಒತ್ತುವ ಕ್ರಮಸಂಖ್ಯೆ) ಜಿಗಿದಿರಲಿ, ಒಂದು ಅಟ್ಯಾಚ್‌ಮೆಂಟ್ ತನ್ನ ಇಮೇಲಿನಿಂದ ಬೇರ್ಪಟ್ಟಿರಲಿ, ಮುಚ್ಚಿದ ಒಂದು ಪುಟದ ಅಕ್ಷರಗಳು ಹುಡುಕಿದರೆ ಸಿಗುವಂತಿರಲಿ. ಎರಡು ಗಂಟೆ ಬಿಟ್ಟು, ಇದಕ್ಕೆ ಸಹಿ ಹಾಕುತ್ತೀರಾ ಎಂದು ಕೇಳಿ.